ಉಸಿರು ಬಿಗಿಯಾದರೆ ಅಲ್ಲಿಗೇ ಸಾಕು: ದಿನಕ್ಕೆ ಅರ್ಧ ಗಂಟೆಯ ಯೋಗ

ಯೋಗ ಶುರುಮಾಡಿದ ಮೊದಲ ವರ್ಷ ನನಗೆ ಇದ್ದದ್ದು ಒಂದೇ ಆಸೆ. ಕಾಲು ಚಾಚಿ ಕೂತು, ಮುಂದಕ್ಕೆ ಬಗ್ಗಿ, ಕಾಲಿನ ಹೆಬ್ಬೆರಳು ಹಿಡಿಯಬೇಕು. ಪಶ್ಚಿಮೋತ್ತಾನಾಸನ ಬಂದರೆ ಯೋಗ ಬಂದ ಹಾಗೆ ಅಂದುಕೊಂಡಿದ್ದೆ. ಒಂದು ದಿನ ತರಗತಿಯಲ್ಲಿ ಹೇಳಿಕೊಡುತ್ತಿದ್ದವರು ಹಿಂದಿನಿಂದ ಬಂದು ಬೆನ್ನು ಒತ್ತಿದರು. ಬೆರಳು ಸಿಕ್ಕಿತು. ಅದೇ ಹೊತ್ತಿಗೆ ತೊಡೆಯ ಹಿಂದೆ, ಕೂತಾಗ ನೆಲಕ್ಕೆ ತಗುಲುವ ಮೂಳೆಯ ಹತ್ತಿರ, ಸಣ್ಣದಾಗಿ ಏನೋ ಕಿತ್ತ ಹಾಗಾಯಿತು. ಆಮೇಲೆ 5 ತಿಂಗಳು ಗಟ್ಟಿ ಕುರ್ಚಿಯ ಮೇಲೆ 10 ನಿಮಿಷ ಕೂರಲು ಆಗಲಿಲ್ಲ.

ವಾಸಿಯಾದ ಮೇಲೆ ಮತ್ತೆ ಕಲಿಯಲು ಹೋದಾಗ ವಯಸ್ಸಾದ ಒಬ್ಬ ಗುರುಗಳು ಸಿಕ್ಕಿದರು. ನನ್ನ ಕೈ ಎಲ್ಲಿಗೆ ಮುಟ್ಟುತ್ತದೆ ಅಂತ ಅವರು ನೋಡಲೇ ಇಲ್ಲ. "ಎಲ್ಲಿ ಉಸಿರು ಸಿಕ್ಕಿಹಾಕಿಕೊಳ್ಳುತ್ತೋ ಅಲ್ಲಿಗೆ ಸಾಕಮ್ಮ, ಮಿಕ್ಕಿದ್ದು ನಾಳೆ ನೋಡೋಣ" ಅಂದರು. ಅವತ್ತಿನಿಂದ ನನ್ನ ಅಭ್ಯಾಸವೆಲ್ಲ ಆ ಒಂದು ಮಾತನ್ನೇ ಹಿಡಿದು ನಡೆದಿದೆ. ಪತಂಜಲಿ ಕೂಡ ಆಸನದ ಬಗ್ಗೆ ಹೇಳಿದ್ದು ತುಂಬ ಕಡಿಮೆ. ಅದು ಸ್ಥಿರವಾಗಿರಬೇಕು, ಸುಖವಾಗಿರಬೇಕು. ಇಷ್ಟು ಬಗ್ಗಬೇಕು, ಅಲ್ಲಿ ಮುಟ್ಟಬೇಕು ಅಂತ ಎಲ್ಲೂ ಇಲ್ಲ.

ಇದುವರೆಗೆ ಯೋಗ ಮಾಡದವರು, ಅರ್ಧಕ್ಕೆ ಬಿಟ್ಟವರು ಮನೆಯಲ್ಲೇ ಶುರುಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಅದಕ್ಕೂ ಮೊದಲು, ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎನ್ನುವುದನ್ನು ನೇರವಾಗಿ ಹೇಳಿಬಿಡುತ್ತೇನೆ.

ಮೈಗೆ ಆಗುವ ಉಪಯೋಗ

ಕೀಲುಗಳಿಂದ ಶುರುಮಾಡೋಣ. ಮಂಡಿ, ಸೊಂಟ, ಭುಜದ ಮೂಳೆಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿ ಇರುತ್ತದೆ. ಅದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಕೀಲು ಮಡಚಿ ಬಿಚ್ಚಿದಾಗ ಒಳಗಿನ ದ್ರವ ಅತ್ತಿತ್ತ ಹರಿದು ಅದಕ್ಕೆ ಆಹಾರ ತಲುಪಿಸುತ್ತದೆ. ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳ ಕಥೆಯೂ ಹೆಚ್ಚುಕಡಿಮೆ ಇದೇ. ಅಂದರೆ ಚಲನೆಯೇ ಅವುಗಳ ಊಟ. ದಿನಕ್ಕೆ 8-9 ಗಂಟೆ ಒಂದೇ ಭಂಗಿಯಲ್ಲಿ ಕೂತರೆ ಮೈ ಮರದ ಹಾಗೆ ಆಗುವುದು ಸುಮ್ನೆ ಅಲ್ಲ. ಯೋಗದಲ್ಲಿ ಹೆಚ್ಚುಕಡಿಮೆ ಎಲ್ಲ ಕೀಲುಗಳಿಗೂ, ಎಲ್ಲ ದಿಕ್ಕಿಗೂ, ಮೆತ್ತಗೆ ಕೆಲಸ ಸಿಗುತ್ತದೆ.

ಬೆನ್ನುನೋವಿನ ವಿಷಯದಲ್ಲಿ ವೈದ್ಯರೂ ಇದನ್ನು ಒಪ್ಪುತ್ತಾರೆ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2017ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, 3 ತಿಂಗಳಿಗಿಂತ ಜಾಸ್ತಿ ಇರುವ ಕೆಳಬೆನ್ನಿನ ನೋವಿಗೆ ಔಷಧಿಗೂ ಮೊದಲು ವ್ಯಾಯಾಮದಂಥ ದಾರಿಗಳನ್ನು ನೋಡಬೇಕು. ಆ ಪಟ್ಟಿಯಲ್ಲಿ ಯೋಗವೂ ಇದೆ. ನೋವು ಪೂರ್ತಿ ಮಾಯವಾಗುತ್ತದೆ ಅಂತಲ್ಲ. ಕಡಿಮೆಯಾಗುತ್ತದೆ, ದಿನದ ಕೆಲಸ ಸಲೀಸಾಗುತ್ತದೆ.

ಇನ್ನೊಂದು ಉಪಯೋಗದ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ಅದು ಸಮತೋಲನ. ವಯಸ್ಸಾದ ಮೇಲೆ ಒಂದು ಸಲ ಜಾರಿ ಬಿದ್ದರೆ ಸೊಂಟದ ಮೂಳೆ ಮುರಿದು ಬದುಕೇ ಬದಲಾಗಿಬಿಡುತ್ತದೆ. ಒಂಟಿ ಕಾಲಿನಲ್ಲಿ ನಿಲ್ಲುವ ಆಸನಗಳು ಪಾದ, ಹಿಮ್ಮಡಿ, ಕಣ್ಣು, ಒಳಕಿವಿ ಎಲ್ಲವೂ ಸೇರಿ ಕೆಲಸ ಮಾಡುವುದನ್ನು ರೂಢಿ ಮಾಡಿಸುತ್ತವೆ. ನಲವತ್ತು ದಾಟಿದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ರಕ್ತದೊತ್ತಡವೂ ಸ್ವಲ್ಪ ಇಳಿಯುತ್ತದೆ. ಸ್ವಲ್ಪ ಅಷ್ಟೇ. ದಯವಿಟ್ಟು ಬಿಪಿ, ಶುಗರ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. "ಯೋಗ ಮಾಡ್ತಿದ್ದೀನಲ್ಲ" ಅಂತ ಮಾತ್ರೆ ಬಿಟ್ಟು ತೊಂದರೆಗೆ ಸಿಕ್ಕವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಾತ್ರೆ ಕಡಿಮೆ ಮಾಡುವ ಹಾಗಿದ್ದರೆ ಅದನ್ನು ನಿಮ್ಮ ವೈದ್ಯರೇ ಹೇಳಬೇಕು.

ಒಂದು ಕೊರತೆಯನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಎದೆಬಡಿತ ಏರುವಂಥ ಮಧ್ಯಮ ವ್ಯಾಯಾಮ ಬೇಕು ಎನ್ನುತ್ತದೆ. ನಾನಿಲ್ಲಿ ಹೇಳುವಂಥ ನಿಧಾನದ ಯೋಗದಿಂದ ಅದು ಪೂರ್ತಿ ಆಗುವುದಿಲ್ಲ. ಹಾಗಾಗಿ ಬಿರುಸಾದ ನಡಿಗೆಯನ್ನು ಬಿಡಬೇಡಿ. ಎರಡೂ ಇರಲಿ.

ಮನಸ್ಸಿಗೆ ಆಗುವ ಉಪಯೋಗ: ಈಗಲೇ ನಾಡಿ ಹಿಡಿದು ನೋಡಿ

ಯೋಗದಿಂದ ಮನಸ್ಸು ಶಾಂತವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಕೇಳಿದರೆ ಉತ್ತರ ಬರುವುದು ಕಡಿಮೆ. ಅದನ್ನು ನಿಮ್ಮ ಬೆರಳ ತುದಿಯಲ್ಲೇ ತಿಳಿಯಬಹುದು.

ಎಡಗೈಯನ್ನು ಅಂಗೈ ಮೇಲೆ ಬರುವ ಹಾಗೆ ತೊಡೆಯ ಮೇಲಿಡಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬದಿಗೆ, ಬಲಗೈಯ ಎರಡು ಬೆರಳು ಇಟ್ಟು ನಾಡಿ ಹುಡುಕಿ. ಸಿಕ್ಕಿತಾ? ಈಗ ಮೂಗಿನಿಂದ ನಿಧಾನವಾಗಿ ಉಸಿರು ಒಳಗೆ ಎಳೆಯಿರಿ. ಬಡಿತ ಸ್ವಲ್ಪ ಚುರುಕಾಗುತ್ತದೆ. ಇನ್ನೂ ನಿಧಾನವಾಗಿ ಹೊರಗೆ ಬಿಡಿ. ಬಡಿತಗಳ ನಡುವಿನ ಅಂತರ ಹಿಗ್ಗುತ್ತದೆ. ಮೂರು ನಾಲ್ಕು ಸಲ ಮಾಡಿದರೆ ಹೆಚ್ಚಿನವರಿಗೆ ಇದು ಗೊತ್ತಾಗುತ್ತದೆ. ವಯಸ್ಸಾದವರಲ್ಲಿ ವ್ಯತ್ಯಾಸ ಸಣ್ಣದಿರಬಹುದು.

ಹೀಗಾಗುವುದು ವೇಗಸ್ ಎಂಬ ನರದಿಂದ. ಅದು ಮೆದುಳಿನ ಬುಡದಿಂದ ಹೊರಟು ಎದೆ, ಹೊಟ್ಟೆಯವರೆಗೆ ಇಳಿಯುತ್ತದೆ. ಹೃದಯಕ್ಕೆ "ನಿಧಾನ" ಅಂತ ಹೇಳುವುದು ಅದರ ಕೆಲಸ. ಉಸಿರು ಬಿಡುವಾಗ ಅದರ ಹಿಡಿತ ಬಿಗಿಯಾಗುತ್ತದೆ, ಎಳೆಯುವಾಗ ಸಡಿಲವಾಗುತ್ತದೆ. ನಾವು ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು ನಿಧಾನಕ್ಕೆ 6ರ ಹತ್ತಿರ ತಂದರೆ, ಅದರಲ್ಲೂ ಹೊರಬಿಡುವ ಉಸಿರನ್ನು ಉದ್ದ ಮಾಡಿದರೆ, ಆ ನರಕ್ಕೆ ಕೆಲಸ ಮಾಡಲು ಜಾಸ್ತಿ ಹೊತ್ತು ಸಿಗುತ್ತದೆ. ಹೃದಯಕ್ಕೆ ನೇರವಾಗಿ "ನಿಧಾನವಾಗಿ ಬಡಿ" ಅಂದರೆ ಅದು ಕೇಳುವುದಿಲ್ಲ. ಆದರೆ ಉಸಿರು ನಮ್ಮ ಮಾತು ಕೇಳುತ್ತದೆ, ಹೃದಯ ಉಸಿರಿನ ಮಾತು ಕೇಳುತ್ತದೆ. ಈ ಸಂಬಂಧ ಮೊದಲ ಸಲ ನನ್ನ ಬೆರಳಿಗೆ ಸಿಕ್ಕಾಗ ನಿಜಕ್ಕೂ ಮೈ ಜುಮ್ಮೆಂದಿತ್ತು.

ಇದರಿಂದ ಮನಸ್ಸಿಗೆ ಏನು ಲಾಭ? ಗಾಬರಿಯಾದಾಗ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲೆ ಮೇಲೆ ಆಗುತ್ತದೆ. ಅದನ್ನು ಕಂಡು ಮನಸ್ಸು ಇನ್ನಷ್ಟು ಗಾಬರಿಯಾಗುತ್ತದೆ. ಉಸಿರು ನಿಧಾನವಾದರೆ ಈ ಸುತ್ತು ಒಂದು ಕಡೆ ಕಡಿದುಹೋಗುತ್ತದೆ. ನಿದ್ದೆ ಬೇಗ ಹತ್ತುತ್ತದೆ. ಜೊತೆಗೆ, ಆಸನದಲ್ಲಿ ನಿಂತಾಗ ಗಮನ ಪಾದಕ್ಕೋ ಭುಜಕ್ಕೋ ಹೋಗುತ್ತದಲ್ಲ, ಆಗ ಅದೇ ಚಿಂತೆಯನ್ನು ತಿರುಗಿಸಿ ತಿರುಗಿಸಿ ಅಗಿಯುವುದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಖಿನ್ನತೆ, ತೀವ್ರ ಆತಂಕ ಇರುವವರಿಗೆ ಯೋಗ ಒಳ್ಳೆಯ ಜೊತೆ. ಆದರೆ ಚಿಕಿತ್ಸೆಯ ಜಾಗದಲ್ಲಿ ಅದನ್ನು ಇಡಬೇಡಿ.

ಹೆಜ್ಜೆ 1: ನಿಮ್ಮ ಮೈಯ ಲೆಕ್ಕ ತೆಗೆದುಕೊಳ್ಳಿ

ಇದನ್ನು ಹಾರಿಸಿ ಮುಂದೆ ಹೋಗಬೇಡಿ.

ಬಿಪಿ ಜಾಸ್ತಿ ಇದ್ದು ಹಿಡಿತಕ್ಕೆ ಬಂದಿಲ್ಲದಿದ್ದರೆ, ಅಥವಾ ಹೃದಯದ ತೊಂದರೆ ಇದ್ದರೆ, ಉಸಿರು ಕಟ್ಟಿ ಹಿಡಿಯುವ ಅಭ್ಯಾಸ ಬೇಡ. ತಲೆ ಕೆಳಗಾಗುವ ಆಸನವೂ ಬೇಡ. ಗ್ಲಾಕೋಮಾ ಇರುವವರಿಗೆ ತಲೆ ಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಅವರೂ ಶೀರ್ಷಾಸನ, ಸರ್ವಾಂಗಾಸನಗಳಿಂದ ದೂರ ಇರಬೇಕು. ಮೂಳೆ ಸವೆದವರು, ಅಂದರೆ ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇರುವವರು, ಬೆನ್ನು ಗುಂಡಗೆ ಮಾಡಿ ಮುಂದಕ್ಕೆ ಜೋರಾಗಿ ಬಗ್ಗಬಾರದು, ಸೊಂಟವನ್ನು ಬಲವಾಗಿ ತಿರುಚಬಾರದು. ಬೆನ್ನುಮೂಳೆ ಕುಸಿಯುವ ಅಪಾಯ ಇರುತ್ತದೆ. ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುತ್ತಿದ್ದರೆ ಮೊದಲು ವೈದ್ಯರು, ಆಮೇಲೆ ಯೋಗ. ಹರ್ನಿಯಾ ಇರುವವರು, ಇತ್ತೀಚೆಗೆ ಆಪರೇಷನ್ ಆದವರು ಕೂಡ ಕೇಳಿಕೊಂಡೇ ಶುರುಮಾಡಬೇಕು.

ಗರ್ಭಿಣಿಯರು ಈ ಲೇಖನ ನೋಡಿ ಒಬ್ಬರೇ ಮಾಡಬೇಡಿ. ಗರ್ಭಿಣಿಯರಿಗೆ ಹೇಳಿಕೊಟ್ಟು ಅನುಭವ ಇರುವವರ ಹತ್ತಿರ ಹೋಗಿ. ಹೊಟ್ಟೆಯ ಮೇಲೆ ಮಲಗುವ, ಹೊಟ್ಟೆ ಹಿಂಡುವ ಆಸನ ಮತ್ತು ಬೇಗ ಬೇಗ ಉಸಿರಾಡುವ ಕಪಾಲಭಾತಿ ನಿಮಗಲ್ಲ.

ಹೆಜ್ಜೆ 2: ಜಾಗ, ಹೊತ್ತು, ಸಾಮಾನು

ಕೈಕಾಲು ಚಾಚಿ ಮಲಗುವಷ್ಟು ಜಾಗ ಸಾಕು. ಹತ್ತಿರ ಒಂದು ಗೋಡೆ ಇದ್ದರೆ ಒಳ್ಳೆಯದು. ಜಾರದ ಮ್ಯಾಟ್, ಒಂದು ದಪ್ಪ ಕಂಬಳಿ, ಒಂದು ಗಟ್ಟಿ ದಿಂಬು, ಒಂದು ಕುರ್ಚಿ ಇಟ್ಟುಕೊಳ್ಳಿ. ಬೆಳಿಗ್ಗೆಯೇ ಆಗಬೇಕು ಎಂದೇನಿಲ್ಲ. ಬೆಳಗ್ಗೆ ಮೈ ಬಿಗಿ ಇರುತ್ತದೆ, ಮನಸ್ಸು ತಿಳಿ ಇರುತ್ತದೆ. ಸಂಜೆ ಅದಕ್ಕೆ ತದ್ವಿರುದ್ಧ. ಹೊಟ್ಟೆ ಮಾತ್ರ ಹಗುರ ಇರಬೇಕು. ಊಟವಾಗಿ 3 ಗಂಟೆ, ತಿಂಡಿಯಾಗಿ ಒಂದೂವರೆ ಎರಡು ಗಂಟೆ ಕಳೆದಿರಲಿ.

ದಿಂಬು, ಕಂಬಳಿ ಬಳಸಲು ಕೆಲವರಿಗೆ ಸಂಕೋಚ. ಬೇಡ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಮರದ ಇಟ್ಟಿಗೆ, ಬೆಲ್ಟು, ಹಗ್ಗ, ಕುರ್ಚಿ ಎಲ್ಲವನ್ನೂ ಯೋಗದೊಳಗೆ ತಂದು ಕಾಯಿಲೆಯವರಿಗೂ ವಯಸ್ಸಾದವರಿಗೂ ಆಸನ ಎಟಕುವ ಹಾಗೆ ಮಾಡಿದರು. ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ, ಟೈಫಾಯಿಡ್‌ನಿಂದ ನರಳಿದ ಅವರಿಗೆ ಸೊರಗಿದ ಮೈ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ನೆಲ ಸಿಗದಿದ್ದರೆ ನೆಲವನ್ನೇ ಮೇಲಕ್ಕೆ ತಂದುಕೊಳ್ಳಿ. ದಿಂಬು ಇರುವುದೇ ಅದಕ್ಕೆ.

ಹೆಜ್ಜೆ 3: ಮಲಗಿ ಉಸಿರು ನೋಡುವುದು, 3 ನಿಮಿಷ

ಅಂಗಾತ ಮಲಗಿ. ಮಂಡಿ ಮಡಚಿ, ಪಾದ ನೆಲಕ್ಕಿಡಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಮೇಲೆ. ಏನನ್ನೂ ಬದಲಾಯಿಸಬೇಡಿ. ಯಾವ ಕೈ ಮೊದಲು ಏಳುತ್ತದೆ ಅಂತ ನೋಡಿ, ಅಷ್ಟೇ. ದಿನವಿಡೀ ಒತ್ತಡದಲ್ಲಿ ಇದ್ದವರಿಗೆ ಎದೆಯ ಮೇಲಿನ ಕೈ ಮಾತ್ರ ಏಳುತ್ತಿರುತ್ತದೆ. ಒಂದು ನಿಮಿಷ ಕಳೆಯುವ ಹೊತ್ತಿಗೆ ಹೊಟ್ಟೆಯ ಮೇಲಿನ ಕೈ ತಾನಾಗಿ ಏಳಲು ಶುರುವಾಗುತ್ತದೆ.

ಈ ಉಸಿರನ್ನು ಗುರುತಿಟ್ಟುಕೊಳ್ಳಿ. ಮುಂದಿನ ಅರ್ಧ ಗಂಟೆಗೆ ಇದೇ ನಿಮ್ಮ ಅಳತೆಗೋಲು. ಯಾವ ಆಸನದಲ್ಲಾದರೂ ಇದು ಒರಟಾದರೆ, ನಿಂತುಹೋದರೆ, ಬಾಯಿಂದ ಬರತೊಡಗಿದರೆ, ನೀವು ಜಾಸ್ತಿ ಹೋಗಿದ್ದೀರಿ. ಸ್ವಲ್ಪ ಹಿಂದೆ ಬನ್ನಿ.

ಹೆಜ್ಜೆ 4: ಕೀಲು ಸಡಿಲ ಮಾಡುವುದು

ಕೂತು ಕತ್ತನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ, ಪಕ್ಕಕ್ಕೆ ಬಾಗಿಸಿ. ಪೂರ್ತಿ ಸುತ್ತು ತಿರುಗಿಸುವುದು ಬೇಡ. ಹೆಗಲು ಮುಂದೆ ಹಿಂದೆ 5 ಸಲ. ಮಣಿಕಟ್ಟು, ಹಿಮ್ಮಡಿಯ ಗಂಟು ಎರಡೂ ದಿಕ್ಕಿಗೆ. ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ.

ಹೆಜ್ಜೆ 5: ಮಾರ್ಜಾಲಾಸನ

ಇಡೀ ಅಭ್ಯಾಸದಲ್ಲಿ ಒಂದನ್ನೇ ಮಾಡಿ ಅಂದರೆ ನಾನು ಆರಿಸುವುದು ಇದನ್ನು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಂಡಿ ಮತ್ತು ಅಂಗೈ ಊರಿ ನಾಲ್ಕು ಕಾಲಿನ ಮೇಲೆ ನಿಂತ ಹಾಗೆ ನಿಲ್ಲಿ. ಮಂಡಿ ಸೊಂಟದ ನೇರಕ್ಕೆ, ಅಂಗೈ ಭುಜದ ನೇರಕ್ಕೆ. ಮಂಡಿ ನೋಯುತ್ತಿದ್ದರೆ ಕೆಳಗೆ ಕಂಬಳಿ ಮಡಚಿಡಿ. ಬೆರಳುಗಳನ್ನು ಅಗಲಿಸಿ, ತೋರುಬೆರಳಿನ ಬುಡ ನೆಲಕ್ಕೆ ಚೆನ್ನಾಗಿ ಒತ್ತಲಿ. ಇಲ್ಲದಿದ್ದರೆ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ.

ಉಸಿರು ಎಳೆಯುತ್ತಾ ಬಾಲದ ಮೂಳೆಯನ್ನು ಮೇಲೆತ್ತಿ. ಅದರ ಹಿಂದೆಯೇ ಸೊಂಟ ಇಳಿಯುತ್ತದೆ, ಎದೆ ಮುಂದೆ ಬರುತ್ತದೆ, ಎಲ್ಲಕ್ಕಿಂತ ಕೊನೆಗೆ ತಲೆ ಏಳುತ್ತದೆ. ಉಸಿರು ಬಿಡುತ್ತಾ ಅದೇ ಕ್ರಮದಲ್ಲಿ ವಾಪಸ್. ಬಾಲದ ಮೂಳೆ ಒಳಗೆ, ಸೊಂಟ ಮೇಲೆ, ಬೆನ್ನು ಗುಂಡಗೆ, ಕೊನೆಗೆ ತಲೆ ಕೆಳಗೆ. ಹೆಚ್ಚಿನವರು ತಲೆಯಿಂದ ಶುರುಮಾಡುತ್ತಾರೆ. ಆಗ ಕತ್ತು ಮಾತ್ರ ಆಡುತ್ತದೆ, ಬೆನ್ನು ಹಲಗೆಯ ಹಾಗೇ ಉಳಿಯುತ್ತದೆ. ಬುಡದಿಂದ ಶುರುಮಾಡಿದರೆ ಮಣಿಸರದ ಒಂದೊಂದೇ ಮಣಿ ಉರುಳಿದ ಹಾಗೆ ಬೆನ್ನುಮೂಳೆ ಚಲಿಸುವುದು ಗೊತ್ತಾಗುತ್ತದೆ. ಭುಜದ ಎಲುಬುಗಳ ನಡುವೆ ಒಂದು ಜಾಗ ಮಾತ್ರ ಮರಗಟ್ಟಿದ ಹಾಗೆ ಅನ್ನಿಸಬಹುದು. ಅಲ್ಲಿಗೆ ಬಂದಾಗ ನಿಧಾನ ಮಾಡಿ.

ಮೂಳೆ ಸವೆದವರು ಬೆನ್ನು ಗುಂಡಗೆ ಮಾಡುವ ಭಾಗ ಬಿಟ್ಟು, ಸಮತಟ್ಟಿಗೆ ಬಂದು ನಿಲ್ಲಿಸಲಿ. ಉಳಿದವರು ಉಸಿರಿನ ಜೊತೆಗೆ 8ರಿಂದ 10 ಸಲ ಮಾಡಿ. ಚಲನೆ ಉಸಿರಿಗಿಂತ ಮುಂದೆ ಓಡಬಾರದು.

ಹೆಜ್ಜೆ 6: ನಿಂತು ಮಾಡುವವು

ತಾಡಾಸನ ನೋಡಿದರೆ ಸುಮ್ನೆ ನಿಂತ ಹಾಗಿರುತ್ತದೆ, ಅಲ್ವಾ? ಮಾಡಿ ನೋಡಿ. ಪಾದಗಳ ನಡುವೆ ಒಂದು ಗೇಣು ಅಂತರ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರೂ ಕಡೆ ಭಾರ ಸಮನಾಗಿ ಬೀಳಲಿ. ನಮ್ಮ ಚಪ್ಪಲಿಗಳನ್ನು ತಿರುಗಿಸಿ ನೋಡಿದರೆ ಒಂದು ಬದಿ ಜಾಸ್ತಿ ಸವೆದಿರುತ್ತದೆ. ನಾವು ದಿನವೂ ಎಷ್ಟು ಓರೆ ನಿಲ್ಲುತ್ತೇವೆ ಅಂತ ಅದೇ ಹೇಳುತ್ತದೆ. ಮಂಡಿ ಹಿಂದಕ್ಕೆ ಒತ್ತಬೇಡಿ. ನೆತ್ತಿಯನ್ನು ಯಾರೋ ದಾರ ಕಟ್ಟಿ ಮೇಲಕ್ಕೆ ಎಳೆದ ಹಾಗೆ ಉದ್ದವಾಗಿ. ಕೈ ಮೇಲೆತ್ತಿ 5 ಉಸಿರು.

ಅಲ್ಲಿಂದ ವೃಕ್ಷಾಸನ. ಗೋಡೆಯ ಪಕ್ಕ ನಿಂತು ಒಂದು ಬೆರಳು ಗೋಡೆಗೆ ತಾಗಿಸಿ. ಒಂದು ಪಾದವನ್ನು ಇನ್ನೊಂದು ಕಾಲಿನ ಒಳಬದಿಗಿಡಿ. ಮೀನಖಂಡಕ್ಕಾದರೂ ಸರಿ, ತೊಡೆಗಾದರೂ ಸರಿ, ಮಂಡಿಯ ಮೇಲೆ ಮಾತ್ರ ಬೇಡ. ಪಕ್ಕದಿಂದ ಒತ್ತಡ ತಡೆಯುವುದು ಮಂಡಿಗೆ ಆಗುವುದಿಲ್ಲ. ಎದುರಿನ ಒಂದು ಚುಕ್ಕೆಯ ಮೇಲೆ ಕಣ್ಣು ನೆಡಿ. ಹಿಮ್ಮಡಿಯ ಗಂಟು ಅಲುಗಾಡುತ್ತದೆ, ಪಾದದ ಸ್ನಾಯುಗಳು ಪಟಪಟ ಹೊಡೆದುಕೊಳ್ಳುತ್ತವೆ. ಅದು ತಪ್ಪಲ್ಲ, ಆ ಅಲುಗಾಟದಲ್ಲೇ ಸಮತೋಲನ ಕಲಿಯುವುದು. ಎರಡೂ ಕಡೆ 5 ಉಸಿರು.

ಆಮೇಲೆ ವೀರಭದ್ರಾಸನದ ಎರಡನೇ ಭಂಗಿ. ಕಾಲು ಅಗಲಿಸಿ, ಬಲ ಪಾದ ಹೊರಕ್ಕೆ ತಿರುಗಿಸಿ, ಬಲ ಮಂಡಿ ಮಡಚಿ, ಕೈಗಳನ್ನು ಭುಜದ ಎತ್ತರಕ್ಕೆ ಚಾಚಿ. ಮಡಚಿದ ಮಂಡಿ ಒಳಗೆ ವಾಲದೆ ಪಾದದ ಎರಡನೇ ಬೆರಳಿನ ದಿಕ್ಕಿಗೆ ಇರಲಿ. ತೊಡೆ ಬಿಸಿಯಾಗುತ್ತದೆ. 4-5 ಉಸಿರಾದ ಮೇಲೆ ಇನ್ನೊಂದು ಕಡೆ.

ಹೆಜ್ಜೆ 7: ಮಲಗಿ ಮಾಡುವ ಎರಡು

ದಿನವಿಡೀ ಕೂತು ತೊಡೆಸಂದಿನ ಸ್ನಾಯುಗಳು ಮಡಚಿಕೊಂಡಿರುತ್ತವೆ, ಬೆನ್ನು ಮುಂದಕ್ಕೆ ಬಾಗಿರುತ್ತದೆ. ಇವೆರಡು ಅದಕ್ಕೆ ಎದುರು ದಿಕ್ಕಿನ ಕೆಲಸ ಮಾಡುತ್ತವೆ.

ಭುಜಂಗಾಸನ: ಬೋರಲು ಮಲಗಿ, ಅಂಗೈ ಎದೆಯ ಪಕ್ಕ. ಕೈಯಿಂದ ತಳ್ಳಿ ಏಳಬೇಡಿ. ಬೆನ್ನಿನ ಸ್ನಾಯುವಿನಿಂದ ಎದೆಯನ್ನು ಎತ್ತಿ. ಎಷ್ಟು ಎದ್ದಿದ್ದೀರಿ ಎಂದು ಪರೀಕ್ಷೆ ಮಾಡಲು ಅಂಗೈಗಳನ್ನು ಒಂದು ಕ್ಷಣ ನೆಲದಿಂದ ಬಿಡಿಸಿ. ಅಲ್ಲೇ ನಿಂತರೆ ಅದು ನಿಮ್ಮ ನಿಜವಾದ ಎತ್ತರ. ಮೂರು ಬೆರಳಷ್ಟೇ ಇದ್ದರೂ ಸಾಕು. ಸೊಂಟದಲ್ಲಿ ಚುಚ್ಚಿದರೆ ಇಳಿಯಿರಿ.

ಸೇತುಬಂಧಾಸನ: ಅಂಗಾತ ಮಲಗಿ, ಮಂಡಿ ಮಡಚಿ, ಪಾದ ಒತ್ತಿ ಸೊಂಟ ಎತ್ತಿ. ಕತ್ತನ್ನು ಅತ್ತಿತ್ತ ತಿರುಗಿಸಬೇಡಿ. 5 ಉಸಿರು, ಎರಡು ಸಲ.

ಹೆಜ್ಜೆ 8: ಮುಂದಕ್ಕೆ ಬಗ್ಗುವುದು

ನನಗೆ ಪೆಟ್ಟಾದದ್ದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಒತ್ತಿ ಹೇಳುತ್ತೇನೆ.

ಮಡಚಿದ ಕಂಬಳಿಯ ಅಂಚಿನ ಮೇಲೆ ಕೂತು ಕಾಲು ಚಾಚಿ. ಮಂಡಿಗಳನ್ನು ಧಾರಾಳವಾಗಿ ಮಡಚಿ, ಕೆಳಗೆ ದಿಂಬು ಇಡಿ. ಈಗ ಸೊಂಟದಿಂದ ಮುಂದಕ್ಕೆ ವಾಲಿ. ಹೊಟ್ಟೆ ತೊಡೆಗೆ ಹತ್ತಿರವಾಗಲಿ, ತಲೆ ಮಂಡಿಗಲ್ಲ. ಕೈ ಎಲ್ಲಿ ಬೀಳುತ್ತದೋ ಅಲ್ಲಿಗೆ ಬಿಡಿ. ತೊಡೆಯ ಹಿಂಭಾಗದ ನಡುವೆ ಹಿತವಾದ ಎಳೆತ ಇದ್ದರೆ ಸರಿ. ಕೂರುವ ಮೂಳೆಯ ಹತ್ತಿರವೋ ಮಂಡಿಯ ಹಿಂದೆಯೋ ಚೂಪಾದ ಎಳೆತ ಬಂದರೆ ತಕ್ಷಣ ಮೇಲೇಳಿ. ಸ್ನಾಯು ಮೂಳೆಗೆ ಅಂಟುವ ಜಾಗ ಅದು. ಒಮ್ಮೆ ಕೆರಳಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಯಾರಾದರೂ ಬೆನ್ನು ಒತ್ತಲು ಬಂದರೆ "ಬೇಡ" ಅಂತ ಹೇಳಿ. ಗುರುಗಳಾದರೂ ಸರಿ. ಅವರಿಗೆ ಹೊರಗಿನದು ಕಾಣುತ್ತದೆ, ಒಳಗಿನ ಎಳೆತ ಗೊತ್ತಾಗುವುದು ನಿಮಗೆ ಮಾತ್ರ.

ಮೊದಲ ವಾರಗಳಲ್ಲೇ ನೀವು ಸ್ವಲ್ಪ ಜಾಸ್ತಿ ಬಗ್ಗುತ್ತೀರಿ. ಅಷ್ಟು ಬೇಗ ಸ್ನಾಯು ಉದ್ದವಾಗಿರುವುದಿಲ್ಲ. ಈ ಎಳೆತದಿಂದ ಅಪಾಯ ಇಲ್ಲ ಅಂತ ನರಗಳು ಒಪ್ಪಿಕೊಂಡು ಹಿಡಿತ ಬಿಟ್ಟಿರುತ್ತವೆ. ಜೋರು ಮಾಡಿದರೆ ಅವು ಹೆದರಿ ಮತ್ತೆ ಬಿಗಿ ಹಿಡಿಯುತ್ತವೆ. ಉಸಿರು ಸಲೀಸಾಗಿದ್ದಾಗ ಮಾತ್ರ ಈ ಒಪ್ಪಿಗೆ ಸಿಗುವುದು.

ಡಿಸ್ಕ್ ತೊಂದರೆ, ಮೂಳೆ ಸವೆತ ಇರುವವರು ಈ ಹೆಜ್ಜೆಯನ್ನೇ ಬಿಡಿ. ಬದಲಿಗೆ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು 2 ನಿಮಿಷ ಇರಿ.

ಹೆಜ್ಜೆ 9: ಪ್ರಾಣಾಯಾಮ, 5 ನಿಮಿಷ

ಆರಾಮಾಗಿ ಕೂರಿ. ಚಕ್ಕಳಮಕ್ಕಳ ಹಾಕಿದರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತಿದೆಯೇ? ಹಾಗಾದರೆ ಇನ್ನೊಂದು ದಿಂಬು ಹಾಕಿ, ಇಲ್ಲವೇ ಕುರ್ಚಿಯಲ್ಲಿ ಕೂರಿ.

ಶುರುವಿನಲ್ಲಿ ಇಷ್ಟೇ: 4 ಎಣಿಸುತ್ತಾ ಮೂಗಿನಿಂದ ಎಳೆಯಿರಿ, 6 ಎಣಿಸುತ್ತಾ ಮೂಗಿನಿಂದಲೇ ಬಿಡಿ. ನಡುವೆ ಹಿಡಿಯುವುದು ಬೇಡ. ಒಂದೊಂದು ಎಣಿಕೆಗೆ ಒಂದು ಸೆಕೆಂಡ್ ಇಟ್ಟರೆ ನಿಮಿಷಕ್ಕೆ ಸರಿಯಾಗಿ 6 ಉಸಿರಾಗುತ್ತದೆ. ಕಷ್ಟವಾದರೆ 3ಕ್ಕೆ 4. ಎದೆ ತುಂಬಾ ಗಾಳಿ ಎಳೆಯಬೇಡಿ. ಮೆತ್ತಗೆ, ಸದ್ದಿಲ್ಲದೆ. ತಲೆ ಹಗುರಾದ ಹಾಗೆ, ಬೆರಳು ಜುಮುಗುಟ್ಟಿದ ಹಾಗೆ ಆದರೆ ನೀವು ಜಾಸ್ತಿ ಉಸಿರಾಡುತ್ತಿದ್ದೀರಿ. ಬಿಟ್ಟು, ಮಾಮೂಲಿ ಉಸಿರಿಗೆ ಬನ್ನಿ.

ಮೂರನೇ ವಾರದಿಂದ ಭ್ರಾಮರಿ ಸೇರಿಸಿ. ತುಟಿ ಮುಚ್ಚಿ, ಹಲ್ಲು ಸಡಿಲ ಬಿಟ್ಟು, ಉಸಿರು ಬಿಡುವಾಗ ದುಂಬಿಯ ಹಾಗೆ "ಮ್ಮ್" ಎಂದು ಗುಂಯ್‌ಗುಡಿ. ಸದ್ದು ಮಾಡಲು ಉಸಿರನ್ನು ಮಿತವಾಗಿ ಬಿಡಲೇಬೇಕು, ಹಾಗಾಗಿ ಎಣಿಸದೆಯೇ ಅದು ಉದ್ದವಾಗುತ್ತದೆ. ಕೆನ್ನೆ, ಮೂಗಿನ ಬುಡ, ಹಣೆ ಎಲ್ಲ ಅದುರುತ್ತವೆ. ತಲೆಯಲ್ಲಿ ಮಾತು ನಿಲ್ಲದ ದಿನಗಳಲ್ಲಿ ನನಗೆ ಇದಕ್ಕಿಂತ ಬೇಗ ಕೆಲಸ ಮಾಡಿದ್ದು ಬೇರೆ ಇಲ್ಲ. 6ರಿಂದ 8 ಸಲ ಸಾಕು.

ಕಪಾಲಭಾತಿ, ಭಸ್ತ್ರಿಕಾ ಬೇಗ ಬೇಗ ಉಸಿರಾಡುವ ಅಭ್ಯಾಸಗಳು. ಅವು ಮೈಯನ್ನು ಎಬ್ಬಿಸುತ್ತವೆ, ತಣಿಸುವುದಿಲ್ಲ. ವೀಡಿಯೊ ನೋಡಿ ಅವುಗಳನ್ನು ಶುರುಮಾಡಬೇಡಿ. ಬಲ್ಲವರ ಎದುರು ಕೂತು ಕಲಿಯಿರಿ.

ಹೆಜ್ಜೆ 10: ಶವಾಸನ, 5 ನಿಮಿಷಕ್ಕಿಂತ ಕಡಿಮೆ ಬೇಡ

ಟೈಮಿಲ್ಲ ಅಂತ ಜನ ಮೊದಲು ಕತ್ತರಿಸುವುದು ಇದನ್ನೇ. ನಾನಾದರೆ ಎರಡು ಆಸನ ಬಿಟ್ಟೇನು, ಇದನ್ನು ಬಿಡುವುದಿಲ್ಲ.

ಅಂಗಾತ ಮಲಗಿ, ಕಾಲು ಅಗಲ, ಅಂಗೈ ಮೇಲೆ. ಸೊಂಟ ನೆಲದಿಂದ ಎದ್ದು ನೋಯುತ್ತಿದ್ದರೆ ಮಂಡಿಯ ಕೆಳಗೆ ದಿಂಬು. ಮೈ ತಣ್ಣಗಾಗುತ್ತದೆ, ಕಂಬಳಿ ಹೊದೆಯಿರಿ. ಈಗ ಬಲಗಾಲಿನ ಹೆಬ್ಬೆರಳಿನಿಂದ ಗಮನ ಶುರುವಾಗಲಿ. ಪಾದ, ಮೀನಖಂಡ, ಮಂಡಿ, ತೊಡೆ. ಒಂದೊಂದು ಕಡೆ ಒಂದು ಉಸಿರಿನಷ್ಟು ನಿಂತು ಭಾರವನ್ನು ನೆಲಕ್ಕೆ ಬಿಡಿ. ದವಡೆಗೆ ಬಂದಾಗ ಹಲ್ಲು ಕಚ್ಚಿಕೊಂಡಿರುವುದು ಗೊತ್ತಾಗುತ್ತದೆ. ಬಿಡಿ. ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿರುತ್ತದೆ. ಅದನ್ನೂ ಬಿಡಿ. ಹುಬ್ಬುಗಳ ನಡುವೆ ಒಂದು ಗಂಟು ಇರುತ್ತದೆ, ಅದು ಕೊನೆಗೆ ಬಿಚ್ಚುತ್ತದೆ.

ಕಣ್ಣು ಮುಚ್ಚಿದರೆ ಭಯ, ಹಳೆಯ ಕೆಟ್ಟ ನೆನಪು ಬರುವವರಿದ್ದಾರೆ. ಅವರು ಕಣ್ಣು ತೆರೆದು ಛಾವಣಿ ನೋಡಲಿ, ಅಥವಾ ಪಕ್ಕಕ್ಕೆ ತಿರುಗಿ ಬೆನ್ನನ್ನು ಗೋಡೆಗೆ ಆನಿಸಿ ಮಲಗಲಿ. ಅಳು ಬಂದರೂ ಗಾಬರಿ ಬೇಡ.

ಏಳುವಾಗ ಬಲಕ್ಕೆ ಹೊರಳಿ, ಒಂದೆರಡು ಉಸಿರು ತೆಗೆದುಕೊಂಡು, ಕೈ ಊರಿ ಏಳಿ. ಧಡಕ್ಕನೆ ಎದ್ದರೆ ತಲೆ ತಿರುಗಬಹುದು, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗಂತೂ ಜಾಸ್ತಿ.

ಎಷ್ಟು ದಿನಕ್ಕೆ ಏನು ನಿರೀಕ್ಷಿಸಬಹುದು

ಮೊದಲ ವಾರ ಹೆಜ್ಜೆ 3, 4, 5 ಮತ್ತು 10 ಮಾತ್ರ ಮಾಡಿ. 15 ನಿಮಿಷ ಆಗುತ್ತದೆ. ಎರಡನೇ ವಾರ ನಿಂತು ಮಾಡುವವನ್ನೂ ಎಣಿಸಿ ಉಸಿರಾಡುವುದನ್ನೂ ಸೇರಿಸಿ. ಮೂರನೇ ವಾರ ಉಳಿದವು. ವಾರಕ್ಕೆ ಒಂದು ದಿನ ಎರಡು ಗಂಟೆ ಮಾಡುವುದಕ್ಕಿಂತ ದಿನಾ 15 ನಿಮಿಷ ಮಾಡುವುದು ಎಷ್ಟೋ ಮೇಲು.

ಉಸಿರಿನ ಗುಣ ಮೊದಲ ದಿನವೇ ಕಾಣುತ್ತದೆ, ಅಭ್ಯಾಸ ಮುಗಿದ ಒಂದೆರಡು ಗಂಟೆ ಮನಸ್ಸು ಹಗುರ ಇರುತ್ತದೆ. ನಿದ್ದೆ, ಮೈಬಿಗಿತದಲ್ಲಿ ವ್ಯತ್ಯಾಸ ತಿಳಿಯಲು ಕೆಲವು ವಾರ ಬೇಕು. ಹಳೆಯ ಬೆನ್ನುನೋವಿಗೆ ಎರಡು ಮೂರು ತಿಂಗಳು ಕೊಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರೇ ವಿಷಯ ಬರೆಯಿರಿ: ನಿದ್ದೆ ಹೇಗಿತ್ತು, ನೋವು ಹತ್ತಕ್ಕೆ ಎಷ್ಟು, ಯಾವ ಆಸನದಲ್ಲಿ ಉಸಿರು ಸಿಕ್ಕಿಹಾಕಿಕೊಂಡಿತು. ತಿಂಗಳ ನಂತರ ತಿರುಗಿಸಿ ನೋಡಿದರೆ ನಿಮಗೇ ಕಾಣುತ್ತದೆ. ದಿನದಿನ ನೋಡುತ್ತಿದ್ದರೆ ಕಾಣುವುದಿಲ್ಲ.

ಸ್ನಾಯು ಬಿಸಿಯಾಗುವುದು, ನಡುಗುವುದು, ಮಾರನೆಯ ದಿನ ಮೆಲ್ಲಗೆ ನೋಯುವುದು ಸಹಜ. ಕೀಲಿನೊಳಗೆ ಚುಚ್ಚಿದರೆ, ಕೈಕಾಲಿಗೆ ಜೋಮು ಇಳಿದರೆ ಆ ಆಸನ ನಿಲ್ಲಿಸಿ. ಎದೆ ಹಿಡಿದುಕೊಂಡರೆ, ಉಸಿರು ಸಿಗದಿದ್ದರೆ, ಒಂದು ಕೈಯೋ ಕಾಲೋ ಶಕ್ತಿ ಕಳೆದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೆಲವು ದಿನ ಏನೂ ಆಗುವುದಿಲ್ಲ. ಜ್ವರ ಇರುತ್ತದೆ, ಮನಸ್ಸು ಕೆಟ್ಟಿರುತ್ತದೆ, ಕೆಲಸ ಮುಗಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಅಂಥ ದಿನ ಮ್ಯಾಟ್ ಹಾಸಬೇಡಿ. ಹಾಸಿಗೆಯಲ್ಲೇ ಮಲಗಿ, ಮಂಡಿಯ ಕೆಳಗೆ ದಿಂಬಿಟ್ಟು, ಒಂದು ಕೈ ಹೊಕ್ಕುಳಿನ ಮೇಲಿಟ್ಟು, 4 ಎಣಿಸುತ್ತಾ ಎಳೆದು 6 ಎಣಿಸುತ್ತಾ ಬಿಡಿ. ನಡುವೆ ನಿದ್ದೆ ಬಂದರೆ ಎಣಿಕೆ ಅಲ್ಲಿಗೇ ಬಿಟ್ಟು ಮಲಗಿಬಿಡಿ.